ಸುಳ್ಳು ಬಾರದ ರಾಜ

ಧವಳಕೀರ್ತಿ ಮಹಾರಾಜ ನಲವತ್ತಮೂರನೆಯ ಅಧ್ಯಾಯದಲ್ಲಿ ಕೈಯಾರೆ ಕೋಟೆಯ ಬಾಗಿಲು ತೆರೆಸಿ ಶತ್ರುವಿನ ಸೆರೆಗೆ ಬಿದ್ದಿದ್ದ. ಬರೀ ಮಾತುಕತೆಗೆ ಬರುತ್ತೇನೆ ಎಂದು ಶತ್ರು ಹೇಳಿದನಂತೆ, ಇವನು ನಂಬಿದನಂತೆ. ಮೊಬೈಲಿನಲ್ಲಿ ವಾರಕ್ಕೊಂದು ಕಂತು ಓದುವ ಮಂದಿ ರೊಚ್ಚಿಗೆದ್ದಿದ್ದರು. 'ಇವನು ರಾಜನೋ ಪೆದ್ದನೋ?' ಎಂದು ಒಬ್ಬರು, 'ಮೇಡಂ, ಇವನನ್ನು ಸಾಯಿಸಿ ತಂಗಿಗೆ ಪಟ್ಟ ಕಟ್ಟಿ' ಎಂದು ಇನ್ನೊಬ್ಬರು. ಕಮಲಾಪುರದ ಶಾಲೆಯಲ್ಲಿ ಪಾಠ ಹೇಳಿ ಬಂದು, ಬಿಡುವಿನಲ್ಲಿ ಈ ಕಥೆ ಬರೆದು ರಾಜ್ಯ ಕಟ್ಟುತ್ತಿದ್ದ ಗಾಯತ್ರಿಗೂ ಅದೇ ಸಿಟ್ಟು. ಎಷ್ಟು ತಿದ್ದಿದರೂ ಆ ಪುಣ್ಯಾತ್ಮನ ಬಾಯಿಂದ ಒಂದು ಸುಳ್ಳು ಹೊರಡುತ್ತಿರಲಿಲ್ಲ.

ಹೊರಡುವುದಾದರೂ ಹೇಗೆ? ರಾಜನ ಮಾದರಿ ಮನೆಯಲ್ಲೇ ಇತ್ತು. ಗಂಡ ಪಂಪೇಶ ಊರ ಪಂಚಾಯ್ತಿಯ ಅಧ್ಯಕ್ಷ. ಎರಡು ಗುಂಪುಗಳ ಜಗಳ ಹರಿಯದೆ, ಇವನಾದರೆ ಹೇಳಿದ ಹಾಗೆ ಕೇಳುತ್ತಾನೆಂದು ಕೂರಿಸಿದ್ದರು. ಇವನು ಕೇಳಲಿಲ್ಲ. ಕೆರೆಯ ಮಣ್ಣು ಸಾಗಿಸುವ ಕಾಗದಕ್ಕೆ ಸಹಿ ಹಾಕಲಿಲ್ಲ. ಈಗ ಅವಿಶ್ವಾಸ ಗೊತ್ತುವಳಿ ಬಂದಿತ್ತು. ಹದಿನೈದರಲ್ಲಿ ಒಂಬತ್ತು ಸದಸ್ಯರನ್ನು ಎದುರಾಳಿಗಳು ಗೋವಾಕ್ಕೆ ಒಯ್ದಿದ್ದರು; ಅಧ್ಯಕ್ಷನನ್ನು ಇಳಿಸಲು ಮೂರರಲ್ಲಿ ಎರಡು ಪಾಲು, ಅಂದರೆ ಹತ್ತು ಓಟು ಬೇಕು; ಇನ್ನೊಬ್ಬರು ಸಿಕ್ಕರೆ ಕುರ್ಚಿಯೂ ಹೋಯಿತು, ಕೆರೆಯೂ ಹೋಯಿತು. ಉಳಿದ ಐವರು ಪಂಪೇಶನ ಮನೆಯಲ್ಲಿ ದೇವಿ ಹುಲಿಗೆಮ್ಮನ ಭಂಡಾರದ ಅರಿಸಿನಪುಡಿ ಮುಟ್ಟಿ, ಅವನ ಕೈಬಿಡುವುದಿಲ್ಲವೆಂದು ಆಣೆ ಇಟ್ಟಿದ್ದರು.

ಓಟಿನ ಮುನ್ನಾದಿನ ಬೆಳಿಗ್ಗೆ ಆ ಐವರಲ್ಲಿ ಹಿರಿಯಳಾದ ಹೊಳೆಮ್ಮ ಬಂದು ಅಂಗಳದಲ್ಲೇ ನಿಂತಳು.

“ತಮ್ಮಾ, ಆ ಕಡೆಯವರು ನನ್ ಮಗಗ ಸಂಡೂರಿನ ಗಣಿಯಾಗ ಕೆಲಸ ಕೊಡಿಸ್ತೀವಿ ಅಂದಾರ. ಆಣಿ ಮುರಿದ್ರ ಮೊಮ್ಮಗನ ಮ್ಯಾಲೆ ಬರ್ತತಿ ಅಂತ ಅಂಜಿಕಿ. ನೀನೇ ಆಣಿ ಬಿಟ್ಟುಕೊಡಪ್ಪ.”

ಆಣೆ ಇಡಿಸಿಕೊಂಡವರೇ ಭಂಡಾರವನ್ನು ತಿರುಗಿ ಕೈಗೆ ಹಾಕಿದರೆ ಆಣೆ ಬಿಟ್ಟಂತೆ. ಪಂಪೇಶ ಒಳಗೆ ಹೋಗಿ ಚಿಟಿಕೆ ಭಂಡಾರ ತಂದು ಹಾಕಿಯೇ ಬಿಟ್ಟ.

“ಅಂಜಿಸಿ ಇಟ್ಕೊಂಡ ಮಂದಿ ನನಗ ಬ್ಯಾಡಬೇ ಯಕ್ಕ. ನಿನ್ ಮನಸಿಗೆ ಬಂದಂಗ ಮಾಡು.”

ಹೊಳೆಮ್ಮ ಹೋದ ಮೇಲೆ ಗಾಯತ್ರಿಗೆ ಮೈಯೆಲ್ಲ ಉರಿದುಹೋಯಿತು. “ತಲಿ ನೆಟ್ಟಗೈತೇನ್ರಿ ನಿಮಗ?”

“ಆಕಿ ಕೇಳಿದ್ಲು, ಕೊಟ್ಟೆ. ಅದರಾಗೇನೈತಿ?” ಎಂದು ಪಂಪೇಶ ಬಾಳೆತೋಟಕ್ಕೆ ನೀರು ಬಿಡಲು ಹೊರಟ. ಇಂಥವನೊಂದಿಗೆ ಜಗಳವಾಡುವುದೂ ದಂಡ. ಒಂದು ಊರನ್ನು ಕಾಯಬೇಕಾದವನಿಗೆ ಇಷ್ಟು ಒಳ್ಳೆಯತನ ಯಾಕೆ ಬೇಕು ಎಂದು ಅವಳಿಗೆ ಅಳುವೇ ಬಂತು.

ಮಧ್ಯಾಹ್ನ ಅವಳು ಒಬ್ಬಳೇ ಹೊಳೆಮ್ಮನ ಮನೆಗೆ ಹೋದಳು.

“ಯಕ್ಕ, ನೀವು ಆಣಿ ಇಟ್ಟಾಗ ಭಂಡಾರದ ಬಟ್ಟಲ ಹಿಡಿದಾಕಿ ನಾನು. ನನ್ ಗಂಡ ಬಿಟ್ಟಾನ, ನಾ ಬಿಟ್ಟಿಲ್ಲ.” ಹಾಗೆ ಹೇಳುತ್ತ, ಬೇಕೆಂದೇ ಮೊಮ್ಮಗ ಮಲಗಿದ್ದ ತೊಟ್ಟಿಲ ಕಡೆ ನೋಡಿದಳು. ಹೊಳೆಮ್ಮನ ಮುಖ ಸುಣ್ಣದಂತಾಯಿತು.

ಮರುದಿನ ಹತ್ತನೆಯ ಓಟು ಬೀಳಲಿಲ್ಲ. ಗೊತ್ತುವಳಿ ಬಿದ್ದುಹೋಯಿತು. ಪಂಚಾಯ್ತಿ ಮೆಟ್ಟಿಲ ಹತ್ತಿರ ಹೊಳೆಮ್ಮ ಗಾಯತ್ರಿಯ ಪಕ್ಕ ಒಂದು ಗಳಿಗೆ ನಿಂತು, “ಮಗನ ಕೆಲಸ ಹೋತು” ಎಂದಷ್ಟೇ ಹೇಳಿ ನಡೆದಳು.

ಹಿಂದೆಯೇ ಪಂಪೇಶ ಕೊರಳಲ್ಲಿ ಹಾರ ಹಾಕಿಕೊಂಡು ಇಳಿದುಬಂದ. ಮದುವೆಯಾದಾಗಿನಿಂದ ಅವನನ್ನು ಇಷ್ಟು ಖುಷಿಯಾಗಿ ಗಾಯತ್ರಿ ನೋಡಿರಲಿಲ್ಲ.

“ನೋಡಿದಿಯೇನ? ಆಣಿ ಬಿಟ್ಟುಕೊಟ್ಟರೂ ಆಕಿ ತಾನಾಗೇ ನನ್ ಕೈ ಹಿಡಿದ್ಲು. ಮಂದಿ ಭಾಳ ಒಳ್ಳೇರದಾರ, ಗಾಯತ್ರಿ. ನಿನ್ ರಾಜನ್ನೂ ಹಿಂಗ ಗೆಲ್ಲಿಸು.”

ನಿಜ ಹೇಳಿದರೆ ಈ ಮನುಷ್ಯ ಸಂಜೆಯೊಳಗೆ ರಾಜೀನಾಮೆ ಕೊಟ್ಟು ಬರುತ್ತಾನೆಂದು ಅವಳಿಗೆ ಗೊತ್ತಿತ್ತು.

“ಹೌದ್ರಿ,” ಎಂದಳು, “ಮಂದಿ ಒಳ್ಳೇರು.”