ಆವಿಸ್ ಟ್ರೆಗಿಯರ್ ತೆಗೆದ ಏಳನೆಯ ಚಿತ್ರ

ಆವಿಸ್ ಟ್ರೆಗಿಯರ್‌ಳ ಬಲಗೈ ಹೆಬ್ಬೆರಳು ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಕೈಯಲ್ಲಿ ಕ್ಯಾಮೆರಾದ ಬದಲು ಚಹಾದ ಲೋಟವಿದ್ದರೂ, ಮನಸ್ಸಿಗೆ ಹಿಡಿಸಿದ ಮುಖವೊಂದು ಎದುರು ಹಾದುಹೋದರೆ ಸಾಕು, ಆ ಹೆಬ್ಬೆರಳು ಅಲ್ಲಿಲ್ಲದ ಲೀವರನ್ನು ಎಳೆದು ಫಿಲ್ಮನ್ನು ಮುಂದಿನ ಚಿತ್ರಕ್ಕೆ ಸರಿಸಿಬಿಡುತ್ತದೆ. ಐವತ್ತೆರಡು ವರ್ಷ ನಮ್ಮ ಕಡಲೂರು ಸೇಂಟ್ ಹೆಲೆನ್ಸ್‌ನ ಮದುವೆ, ದೋಣಿ, ಮೀನುಗಾರರನ್ನೆಲ್ಲ ಫಿಲ್ಮಿನಲ್ಲೇ ಹಿಡಿದಿಟ್ಟ ಈ ದೀರ್ಘಕಾಯದ ಹೆಂಗಸು, ಜೇಬು ಜೋತುಬಿದ್ದ ಕಂದು ಕೋಟಿನಲ್ಲಿ ಒಂದೇ ಒಂದು ರೋಲು ಇಟ್ಟುಕೊಂಡು, ಕಡಲ ಗಾಳಿಗೆ ಎದೆಯೊಡ್ಡಿ ನಡೆದು ಬರುವಾಗ, ನನ್ನ ಡಿಜಿಟಲ್ ಕ್ಯಾಮೆರಾ ಅರಿವಿಲ್ಲದೆಯೇ ಬೆನ್ನ ಹಿಂದೆ ಸರಿಯುತ್ತದೆ. ನನಗೂ ಐವತ್ತು ದಾಟಿದೆ; ಊರಿನ ಪತ್ರಿಕೆಗೆ ಚಿತ್ರ ತೆಗೆಯುವುದೇ ನನ್ನ ಅನ್ನ. ಆದರೂ ಆಕೆಗೆ ನಾನು ಹುಡುಗನೇ.

"ಎಷ್ಟು ಹೊಡೆದ್ಯೋ ಇವತ್ತು?"

"ನಾನೂರು."

"ಅದ್ರಲ್ಲಿ ನೋಡಿದ್ದೆಷ್ಟು?"

ಹಾಗೆಂದು ನಾನು ಸೋತೆನೆಂದು ಯಾರೂ ತಿಳಿಯಬಾರದು. ಮಸುಕು ಬೆಳಕಿನಲ್ಲಿ ಓಡುವ ದೋಣಿ ನನ್ನ ಯಂತ್ರಕ್ಕೆ ಸಿಕ್ಕಂತೆ ಆಕೆಯದಕ್ಕೆ ಸಿಗದು. ನನ್ನ ತಪ್ಪನ್ನು ನಿಂತಲ್ಲೇ ತಿದ್ದಿಕೊಳ್ಳಬಹುದು, ಆಕೆಯದು ಫಿಲ್ಮ್ ತೊಳೆದಾಗಲೇ ಬಯಲಾಗುವುದು.

ಹೋದ ಚಳಿಗಾಲದಲ್ಲಿ ಕ್ರೇಫಿಷ್ ಎಂಬ ದೊಡ್ಡ ಕಡಲ ಸಿಗಡಿ ಹಿಡಿಯುವ ಮುದುಕ ಕ್ಲೈವ್‌ನ ದವಡೆಯಲ್ಲಿ ಗಡ್ಡೆ ಕಾಣಿಸಿತು. ಮುಂದಿನ ಸೋಮವಾರ ಹೋಬಾರ್ಟಿನ ಆಸ್ಪತ್ರೆಯಲ್ಲಿ ಅರ್ಧ ದವಡೆ ತೆಗೆಯುವವರಿದ್ದರು. ಮಗಳು ಗ್ವೆನ್ ನನ್ನಲ್ಲಿಗೆ ಬಂದಳು.

"ಅಪ್ಪ ನಗೋ ಫೋಟೊ ಒಂದೂ ಇಲ್ಲ. ಸೋಮವಾರ ಆದ್ಮೇಲೆ ಈ ನಗು ಇರಲ್ಲ. ಒಂದೇ ಒಂದು ತೆಕ್ಕೊಡಿ."

ಎರಡು ದಿನ ಹೋದೆ. ಪ್ರತಿ ಸಲವೂ ಕ್ಲೈವ್ "ಎಲ್ಲಿ, ತೋರ್ಸು" ಎಂದು ಕ್ಯಾಮೆರಾದ ಬೆನ್ನಿನ ಪರದೆ ನೋಡಿ, ತನ್ನ ಬಾಯಿ ಕಂಡು ಮುಖ ಹಿಂಡಿ, ಕೆನ್ನೆ ಬಿಗಿದು ಮತ್ತೆ ಕೂರುತ್ತಿದ್ದ. ಇನ್ನೂರು ಚಿತ್ರಗಳಲ್ಲೂ ಪೊಲೀಸ್ ಠಾಣೆಗೆ ಕರೆಸಿಕೊಂಡವನ ಮುಖ.

ಶನಿವಾರ ನಾನೇ ಆವಿಸ್‌ಳನ್ನು ಕರೆದೆ. ಆಕೆ ತನ್ನ ಹಳೆಯ ಸಹಪಾಠಿಯಾದ ಕ್ಲೈವ್‌ನ ಎದುರು ಸ್ಟೂಲು ಎಳೆದು ಕೂತು, ಅಳೆದು ತೂಗಿ ಆರು ಚಿತ್ರ ಹೊಡೆದಳು. ನಾನೂ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ನಿಂತಿದ್ದೆ. ತುಟಿ ಕಚ್ಚಿ ಕೂತಿದ್ದ ಕ್ಲೈವ್ ಕೊನೆಗೆ ತಡೆಯಲಾರದೆ ಹೋದ.

"ಆವಿಸ್, ಮುಚ್ಳ ಹಾಕ್ಕೊಂಡೇ ಹೊಡೀತಿದ್ದೀಯಲ್ಲೇ! ಮೊದ್ಲಿಂದ್ಲೂ ನೋಡ್ತಿದೀನಿ!"

ಆ ಬಗೆಯ ಹಳೆಯ ಕ್ಯಾಮೆರಾದಲ್ಲಿ ಕಣ್ಣಿಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ಲೆನ್ಸಿನ ಮೇಲೆ ಮುಚ್ಚಳವಿದ್ದರೂ ತೆಗೆಯುವವರಿಗೆ ಲೋಕವೆಲ್ಲ ನಿಚ್ಚಳ. ಕ್ಲೈವ್ ಕಣ್ಣಲ್ಲಿ ನೀರು ಬರುವಂತೆ ಬಾಯ್ತೆರೆದು ನಕ್ಕ. ಆವಿಸ್ ಮುಚ್ಚಳ ಕಿತ್ತೆಸೆದು ಏಳನೆಯದನ್ನು ಹೊಡೆದಳು. ನಾನೋ, ಅದಕ್ಕೂ ಹಿಂದಿನ ಕ್ಷಣದ ಚಿತ್ರ ಹೇಗೆ ಬಂದಿದೆಯೆಂದು ತಲೆ ತಗ್ಗಿಸಿ ಪರದೆ ನೋಡುತ್ತಿದ್ದೆ. ತಲೆಯೆತ್ತುವಷ್ಟರಲ್ಲಿ ನಗು ಮುಗಿದಿತ್ತು. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಬಂತಾ?" ಬಾಗಿಲಲ್ಲಿ ನಿಂತಿದ್ದ ಗ್ವೆನ್ ಓಡಿ ಬಂದು ಕೇಳಿದಳು.

"ಬಂತು," ಎಂದಳು ಆವಿಸ್.

"ನೋಡ್ದೇನೇ ಹೆಂಗೆ ಹೇಳ್ತೀರಿ?"

"ನೋಡಿದ್ನಲ್ಲೇ, ಆಗ್ಲೇ."

ಸಂಜೆ ತೊಳೆದಾಗ ಆರು ಖಾಲಿ. ಏಳನೆಯದರಲ್ಲಿ ಕೈ ಕೊಂಚ ಅಲುಗಿ ಕ್ಲೈವ್‌ನ ಒಂದು ಕಿವಿ ಮಸುಕಾಗಿತ್ತು. ನಗು ಮಾತ್ರ ಬಾಯ್ತುಂಬ ಇತ್ತು. ಗ್ವೆನ್ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಅತ್ತಳು.

ಯಂತ್ರ ಯಂತ್ರಗಳ ಜಗಳವನ್ನು ನಾನೀಗ ಅಂಗಡಿಯವರಿಗೆ ಬಿಟ್ಟಿದ್ದೇನೆ. ಆವಿಸ್‌ಳಂಥವರು ಮುಚ್ಚಳ ತೆಗೆಯಲು ಮರೆಯುತ್ತಾರೆ, ಬೆಳಕಿನ ಲೆಕ್ಕದಲ್ಲಿ ಎಡವುತ್ತಾರೆ, ತಪ್ಪು ಒಪ್ಪಿಕೊಳ್ಳದೆ ಹಟ ಮಾಡುತ್ತಾರೆ. ಎದುರಿಗಿರುವ ಮನುಷ್ಯನಿಂದ ಕಣ್ಣು ಕೀಳುವುದು ಮಾತ್ರ ಅವರಿಗೆ ಬಾರದು. ಊರಿಗೊಬ್ಬರಾದರೂ ಇಂಥವರು ಇದ್ದರೆ, ಆ ಊರಿನವರ ನಗು ಎಲ್ಲಾದರೂ ಒಂದು ಕಡೆ ಉಳಿದಿರುತ್ತದೆ.