ಸೀಟಿನ ಎತ್ತರ

ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ — ಮುಂದೆ ಹೋಗುತ್ತಿರುವವನ ಸೊಂಟ ಒಂದೊಂದು ಪೆಡಲಿಗೂ ಹೀಗೆ ವಾಲುತ್ತದೆ, ಕಾಲು ಎಟುಕುತ್ತಿಲ್ಲ, ಪೆಡಲು ಕೆಳಗಿಳಿದಾಗ ಬೂಟಿನ ತುದಿ ಮಾತ್ರ ತಾಗುತ್ತದೆ, ಜೀವಮಾನವೆಲ್ಲ ಪ್ಯಾಂಟು ಹೊಲಿದವನಿಗೆ ಹಿಂದಿನಿಂದ ನೋಡಿದರೂ ಕಾಲಿನ ಉದ್ದ ತಿಳಿಯುತ್ತದೆ, ನನ್ನ ಮಗನಿಗಿಂತ ನಾಲ್ಕು ಬೆರಳು ಕಡಿಮೆ, ಮಗನ ಸೈಕಲ್ಲಿನ ಮೇಲೆ ಕೂತಿದ್ದಾನೆ, ಸೀಟು ಮಗ ಬಿಟ್ಟುಹೋದ ಎತ್ತರದಲ್ಲೇ ಇದೆ. ಇಳಿಸಿಕೊಳ್ಳಲೇ ಎಂದು ಅವನು ಕೇಳಲಿಲ್ಲ, ಇಳಿಸಿಕೊಳ್ಳಿ ಎಂದು ಸೊಸೆ ಹೇಳಲಿಲ್ಲ, ನಾನಂತೂ ಬಾಯಿ ಬಿಡಲಿಲ್ಲ, ಹೀಗೆ ಮೂವರೂ ಮೂರು ಸೈಕಲ್ಲಿನಲ್ಲಿ ಬೆಳಗಿನಿಂದ ಈ ದೊಡ್ಡ ತೋಟದೊಳಗೆ ಸುತ್ತುತ್ತಿದ್ದೇವೆ. ಯಾವ ಕಾಲದ ಅರಸನೋ ಕುದುರೆ ಓಡಿಸಲು ಮಾಡಿಸಿದ ದಾರಿಯಂತೆ, ಈಗ ಸೈಕಲ್ಲಿನ ದಾರಿ, ಎರಡು ಕಡೆಯೂ ಮುದಿಮರಗಳು, ಅವುಗಳ ನೆರಳು ಮೈಮೇಲೆ ಬಂದು ಹೋಗುತ್ತದೆ, ತಂಪಿದೆ ಎಂದು ಗೊತ್ತಾಗುತ್ತದೆ, ತಂಪಾಗುವುದಿಲ್ಲ. ಬಾಯಲ್ಲಿ ದೇವರ ನಾಮ ನಡೆದೇ ಇದೆ, ಬಿಟ್ಟಿಲ್ಲ, ಆದರೆ ದಾರ ಮುಗಿದ ಮೇಲೂ ಮಿಷನ್ನು ಬಟ್ಟೆಯ ಮೇಲೆ ಓಡಿದ ಹಾಗೆ — ತೂತು ಬೀಳುತ್ತದೆ, ಹೊಲಿಗೆ ಬೀಳುವುದಿಲ್ಲ. ಎರಡು ವರ್ಷದಿಂದ ಹೀಗೆಯೇ, ಮಗ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ತೀರಿಕೊಂಡನೆಂದು ಯಾರೋ ಫೋನು ಮಾಡಿದ ದಿನದಿಂದ, ಅಂದು ಕೈಯಲ್ಲಿ ಯಾರದೋ ಅರ್ಧ ಹೊಲಿದ ಪ್ಯಾಂಟು ಇತ್ತು, ಅದನ್ನು ಮಡಿಸಿಟ್ಟೇ ಎದ್ದೆ, ಮಡಿಕೆ ನೇರವಾಗಿ ಬಂದಿತ್ತು.

ಅವರಿಗೆ ಸೈಕಲ್ ಇಲ್ಲ ಮಾವ, ಇದನ್ನ ಕೊಡ್ಲಾ ಎಂದು ಸೊಸೆ ಬೆಳಿಗ್ಗೆ ಕೇಳಿದಳು, ಹೊದಿಸಿದ್ದ ಬಟ್ಟೆ ತೆಗೆದು, ಧೂಳು ಒರೆಸಿ, ಗಾಳಿ ತುಂಬಿ ಆದ ಮೇಲೆ ಕೇಳಿದಳು, ಹೂಂ ಎಂದೆ, ಸೈಕಲ್ಲಿಗೆ ಎಂದೆನೋ ಇನ್ನೊಂದಕ್ಕೂ ಸೇರಿಸಿ ಎಂದೆನೋ ನನಗೇ ತಿಳಿಯದು. ಅವಳು ಲೆಕ್ಕ ಬರೆಯುವ ಕನ್ನಡಕದ ಅಂಗಡಿಯಲ್ಲೇ ಇವನು ಜನರ ಕಣ್ಣು ಪರೀಕ್ಷೆ ಮಾಡುತ್ತಾನೆ, ಅವಳನ್ನು ಮದುವೆಯಾಗುತ್ತೇನೆ ಎಂದು ಕೇಳಿದ್ದಾನಂತೆ, ಮಾವನೂ ಅತ್ತೆಯೂ ಒಪ್ಪಿದರೆ ಮಾತ್ರ ಎಂದಿದ್ದಾಳಂತೆ, ಇಷ್ಟನ್ನೂ ನನ್ನ ಹೆಂಡತಿಗೆ ಅಡಿಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತು ಹೇಳಿದಳಂತೆ. ಹೆಂಡತಿ ನನ್ನನ್ನು ಬಾಗಿಲವರೆಗೆ ಬಿಡಲು ಬಂದಳು, ಮಂಡಿನೋವು, ದೂರ ಬರಲಾರಳು, ಹೂಂ ಅನ್ನಿ, ಇಲ್ಲ ಬೇಡ ಅನ್ನಿ, ಸುಮ್ಮನೆ ಮಾತ್ರ ವಾಪಸ್ ಬರಬೇಡಿ, ಆ ಹುಡುಗಿ ನಮ್ಮ ಮುಖ ನೋಡ್ಕೊಂಡು ಒಣಗ್ತಾ ಇದಾಳೆ ಎಂದಳು. ಒಣಗುತ್ತಿದ್ದಾಳೆಯೇ, ನೋಡುತ್ತೇನೆ, ಇಂದು ತಲೆಗೂದಲು ಬಿಗಿಯಾಗಿ ಕಟ್ಟಿದ್ದಾಳೆ, ಮರಗಳಲ್ಲೆಲ್ಲ ಹಾಯಾಗಿ ಗಾಳಿ ಆಡುತ್ತಿದೆ, ಆಗಾಗ ತಿರುಗಿ ಮಾವ, ನಿಧಾನಕ್ಕೆ ಬನ್ನಿ, ಅವಸರ ಏನಿಲ್ಲ ಎನ್ನುತ್ತಾಳೆ, ಎಂದೂ ಅವಸರ ಇರಲಿಲ್ಲ, ಈ ದಾರಿಗೆ ಅವಸರವೇ ಇಲ್ಲ, ತುಕ್ಕು ಹಿಡಿದ ಫಿರಂಗಿ, ಬಿದ್ದ ಕೋಟೆಗೋಡೆ, ಕೆರೆ, ಮತ್ತೆ ಬಾಗಿಲು. ಕೆರೆಯ ಏರಿಯ ಹತ್ತಿರ ಅವನು ಇಳಿದ, ಸೈಕಲ್ಲು ತಳ್ಳಿಕೊಂಡು ನಡೆದ, ಅವಳೂ ಇಳಿದು ಜೊತೆಗೆ ನಡೆದಳು, ನಿಮ್ಮ ಕಣ್ಣೇನೋ ಸರಿಯಾಗಿದೆ, ಕಾಲು ಯಾರಿಗಾದ್ರೂ ತೋರಿಸ್ಬೇಕು ಎಂದಳು, ಅವನು ಮೆಲ್ಲಗೆ ಏನೋ ಹೇಳಿದ, ಅವಳು ನಕ್ಕಳು — ನಕ್ಕಳು, ತಕ್ಷಣ ಹಿಂದೆ ನಾನಿರುವುದು ನೆನಪಾಗಿ ಆ ನಗುವನ್ನು ಅರ್ಧಕ್ಕೇ ನುಂಗಿದಳು. ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದ ಹಾಗೆ ಕೇಳಿಸಿತು ನನಗೆ, ಬಿತ್ತು ಎಂದುಕೊಂಡೆ, ಅಷ್ಟೆ. ಆದರೆ ನುಂಗಿದ್ದು ಕಾಣಿಸಿತು. ಅದು ಗಂಟಲಲ್ಲಿ ಇಳಿದದ್ದು ಕಾಣಿಸಿತು.

ದಡದ ಕಲ್ಲಿನ ಮೇಲೆ ಕೂರುತ್ತೇವೆ, ಸೈಕಲ್ಲು ನನ್ನ ಎದುರಿಗೇ ನಿಂತಿದೆ, ಸೀಟಿನ ಕಂಬಿಯ ಮೇಲೆ, ಅದು ಕೊಳವೆಯೊಳಗೆ ಇಳಿಯುವ ಬಾಯಿಗೆ ಅಂಟಿಕೊಂಡೇ, ಓರೆಯಾಗಿ ಒಂದು ಗೀರು. ಈ ಗೀರು ಮಗ ಎಳೆದದ್ದು ನನ್ನ ಕತ್ತರಿಯಿಂದ, ಬಟ್ಟೆಯ ಕತ್ತರಿಯನ್ನು ಕಬ್ಬಿಣಕ್ಕೆ ಹಾಕಿದ್ದೀಯಲ್ಲೋ ಏಣಿ ಎಂದು ಕೂಗಿದ್ದೆ, ಉದ್ದಕ್ಕೆ ಬೆಳೆದಿದ್ದನೆಂದು ಬೀದಿಯವರೆಲ್ಲ ಅವನನ್ನು ಏಣಿ ಎನ್ನುತ್ತಿದ್ದರು, ಅಳತೆಗೆ ಗುರುತು ಬೇಡವಾ ಅಪ್ಪಾ, ನೀನು ಚಾಕ್‌ಪೀಸಲ್ಲಿ ಎಳೀತೀಯ, ನಾನು ಕತ್ತರೀಲಿ ಎಳೆದೆ, ನೋಡು, ಇದು ನನ್ನ ಎತ್ತರ ಎಂದಿದ್ದ. ಓರೆ ಗೀರು, ಅದರೊಳಗೆ ಸ್ವಲ್ಪ ತುಕ್ಕು. ಕನ್ನಡಕದವನು ನೀರು ಕುಡಿದು ಸೀಸೆಯನ್ನು ನನಗೆ ಕೊಡಲು ಬಂದ, ಏನೆಂದು ಕರೆಯುವುದೋ ತಿಳಿಯದೆ ಬೆಳಗಿನಿಂದಲೂ ನನ್ನನ್ನು ಏನೆಂದೂ ಕರೆದಿಲ್ಲ, ತಗೊಳ್ಳಿ ಎಂದ, ತೊಡೆ ಉಜ್ಜಿಕೊಳ್ಳುತ್ತಿದ್ದ, ನಾನು ನೋಡಿದ್ದನ್ನು ಕಂಡು ಕೈ ತೆಗೆದುಬಿಟ್ಟ. ಇಷ್ಟು ದೂರ ನೋವು ನುಂಗಿಕೊಂಡು ತುಳಿದಿದ್ದಾನೆ, ಒಂದು ನಟ್ಟು ಸಡಿಲಿಸಲು ನನ್ನ ಮುಖ ನೋಡುತ್ತ. ಅವಳ ನಗು, ಇವನ ಕಾಲು. ಎದ್ದೆ. ಸೀಟಿನ ಕೆಳಗಿನ ಚೀಲದಲ್ಲಿ ಸ್ಪ್ಯಾನರ್ ಇದ್ದೇ ಇದೆ, ಮಗ ಇಟ್ಟದ್ದು, ನಟ್ಟು ಮೊದಲು ಅಲುಗಲಿಲ್ಲ, ಆಮೇಲೆ ತಿರುಗಿತು. ಬಿಡಿ ಮಾವ, ಇರಲಿ, ಹಾಗೇ ಇರಲಿ ಎಂದು ಸೊಸೆ ಎದ್ದು ಬಂದು ಹ್ಯಾಂಡಲ್ ಹಿಡಿದಳು. ಅಂಗೈಯಿಂದ ಸೀಟನ್ನು ಒತ್ತಿದೆ, ಕಂಬಿ ಕೊಳವೆಯೊಳಗೆ ಕೂದಲೆಳೆಯಷ್ಟು ಇಳಿಯಿತು, ಗೀರಿನ ಕೆಳತುದಿ ಕೊಳವೆಯ ಬಾಯಿಗೆ ತಾಗಿ ನಿಂತಿತು. ಸಾಕು, ಇಷ್ಟು ಸಾಕು ಎಂದ ಅವನು. ಸಾಲದು. ಟೈಲರ್ ಹತ್ತಿರ ಸುಳ್ಳು ಹೇಳಬೇಡಪ್ಪ, ಇನ್ನೂ ಇಳೀಬೇಕು ಎಂದೆ, ಈ ಸೈಕಲ್ ನೀನೇ ಇಟ್ಕೋ, ಮದುವೆಗೆ ಒಪ್ಪಿದೆ ಅಂತ ಇವಳ ಅತ್ತೆಗೆ ನಾನೇ ಹೇಳ್ತೀನಿ. ಹ್ಯಾಂಡಲ್ ಹಿಡಿದ ಅವಳ ಬೆರಳ ಗೆಣ್ಣುಗಳು ಬೆಳ್ಳಗಾದವು, ಎದೆಯೊಳಗೆ ಏನಾದರೂ ಆಗುತ್ತದೆಯೇ ಎಂದು ಕಾದೆ, ಏನೂ ಆಗಲಿಲ್ಲ, ದೇವರ ನಾಮ ಎಲ್ಲೋ ನಿಂತುಹೋಗಿದೆ, ಮತ್ತೆ ಒತ್ತಿದೆ, ಗೀರು ಬಾಯಿ ದಾಟಿತು, ಅರ್ಧ, ಪೂರ್ತಿ, ಈಗ ಕಾಣುವುದಿಲ್ಲ, ನಟ್ಟು ಬಿಗಿಯುತ್ತಿದ್ದೇನೆ, ಗೀರು ಒಳಗಿದೆ, ಕೊಳವೆಯ ಕತ್ತಲಲ್ಲಿ, ಓರೆಯಾಗಿ, ಮಗನ ಎತ್ತರದ ಗೀರು, ಬಿಗಿಯುತ್ತಿದ್ದೇನೆ, ಆ ಗೀರು, ಓರೆ ಗೀರು —