ಖಾಲಿ ಕುಂತ ಸರ್ವರ್

ಕೋಡ್ಲಾ ಹತ್ತಿರದ ಆ ಸಿಮೆಂಟ್ ಕಾರ್ಖಾನೆಯಲ್ಲಿ ಯಾರು ಯಾರೆಂದು ಬಲ್ಲ ಯಂತ್ರ ಒಂದೇ, ಡೈರೆಕ್ಟರಿ ಸರ್ವರ್. ಎಲ್ಲರ ಹೆಸರು, ಪಾಸ್‌ವರ್ಡ್ ಅದರ ಹೊಟ್ಟೆಯಲ್ಲಿ. ಅದು ಮಲಗಿತೆಂದರೆ ಮ್ಯಾನೇಜರರನ್ನೂ ಕಂಪ್ಯೂಟರ್ ಒಳಗೆ ಬಿಡದು. ಲಾರಿ ತೂಗುವ ಕಾಟಾ ಬಂದ್. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಹಾಗೇ ಆಗಿ, ಸೇಡಂ ರಸ್ತೆಯುದ್ದಕ್ಕೂ ಲಾರಿ ನಿಂತು, ಡ್ರೈವರುಗಳ ಬೈಗುಳವನ್ನೆಲ್ಲ ಕಂಪ್ಯೂಟರ್ ವಿಭಾಗದ ವಂದನಾ ಒಬ್ಬಳೇ ತಿಂದಿದ್ದಳು.

ಆಮೇಲೆ ಹಟ ಹಿಡಿದು ಎರಡನೆಯ ಸರ್ವರ್ ತರಿಸಿದಳು. ಮೊದಲನೆಯದರ ಪಕ್ಕ ಇಡಲಿಲ್ಲ. ಕಾಟಾದ ಹಿಂದಿನ ಕೋಣೆಯಲ್ಲಿ, ಬೇರೆ ಕರೆಂಟ್ ಲೈನಿನ ಮೇಲೆ ಇಟ್ಟಳು. ಮೊದಲನೆಯದಕ್ಕೆ ಗೊತ್ತಾದದ್ದೆಲ್ಲ ಇದಕ್ಕೂ ಗೊತ್ತಾಗಬೇಕು. ಅದು ಉತ್ತರ ಕೊಡದಿದ್ದರೆ ಕಂಪ್ಯೂಟರುಗಳೆಲ್ಲ ತಾವಾಗಿ ಇದನ್ನು ಕೇಳಬೇಕು. ಏರ್ಪಾಡು ಚೆನ್ನಾಗಿಯೇ ಇತ್ತು. ಮೊದಲನೆಯದನ್ನು ಬೇಕೆಂದೇ ಬಂದ್ ಮಾಡಿ ಪರೀಕ್ಷಿಸುವ ಧೈರ್ಯ ಮಾತ್ರ ಆಕೆಗೆ ಬರಲಿಲ್ಲ. ಇವತ್ತು ನಾಳೆ ಎನ್ನುವಷ್ಟರಲ್ಲಿ ದಸರಾ ಬಂತು.

"ಆ ಎರಡನೇದು ಸುಮ್ಮ ಖಾಲಿ ಕುಂತದ," ಎಂದರು ಮ್ಯಾನೇಜರ್ ನರಸಿಂಹರಾಯರು. "ಹಬ್ಬ ಆದ ಮ್ಯಾಲ ಅಕೌಂಟ್ಸಿನವರಿಗೆ ಕೊಟ್ಟುಬಿಡ್ರಿ."

ಕೊಡಬಾರದೆಂದು ವಂದನಾಗೆ ಗೊತ್ತಿತ್ತು. ಆದರೆ ಪರೀಕ್ಷೆಯನ್ನೇ ಮಾಡದವಳು ಯಾವ ಬಾಯಿಂದ ವಾದಿಸಬೇಕು?

ಖಂಡೇಪೂಜೆ, ಎಂದರೆ ಆಯುಧಪೂಜೆಯ ದಿನ. ಎಲೆಕ್ಟ್ರಿಷಿಯನ್ ಜಗದೇವಪ್ಪನದೊಂದು ನೇಮವಿತ್ತು: ಯಂತ್ರವನ್ನು ಬಂದ್ ಮಾಡಿ, ಒರೆಸಿ, ಆಮೇಲೆಯೇ ಕುಂಕುಮ. ಎಸಿ ರಿಪೇರಿಗೆಂದು ಸರ್ವರ್ ಕೋಣೆಯ ಕೀಲಿ ಈ ಸಲ ಅವನ ಕೈಗೆ ಸಿಕ್ಕಿತ್ತು. ವಂದನಾ ಹೋಳಿಗೆ ಡಬ್ಬಿ ಹಿಡಿದು ಬಂದು ನೋಡಿದರೆ, ಮೊದಲನೆಯ ಸರ್ವರ್ ದೀಪವೆಲ್ಲ ಆರಿ, ಚೆಂಡುಹೂ ಮುಡಿದು ತಣ್ಣಗೆ ಕುಳಿತಿದೆ!

"ಜಗದೇವಪ್ಪ, ಇದನ್ನ ಯಾವಾಗ ಬಂದ್ ಮಾಡೀರಿ?"

"ಮುಂಜಾನೆನೇ ಅಕ್ಕಾರ. ವರ್ಷಪೂರ್ತಿ ದುಡದದ, ಒಂದಿನ ಆರಾಮ ಮಾಡ್ಲಿ." ಅವನು ಆರತಿ ತಟ್ಟೆ ಎತ್ತಿಕೊಂಡು ಹೊರಗೆ ನಡೆದ.

ವಂದನಾ ಸ್ವಿಚ್ಚು ಹಾಕುವುದನ್ನೂ ಮರೆತು ಕಾಟಾದ ಕಡೆ ಓಡಿದಳು. ಅಲ್ಲಿ ಲಾರಿಗಳು ಒಂದರ ಹಿಂದೊಂದು ಏರಿ ಇಳಿಯುತ್ತಿದ್ದವು. ಕಾಟಾದ ಕಂಪ್ಯೂಟರ್ ಮುಂದೆ ಕೂರುವ ಹಸೀನಾಬೇಗಂ ಆರಾಮಾಗಿ ತೂಕದ ಚೀಟಿ ಹರಿದು ಕೊಡುತ್ತಿದ್ದಳು. ಪಕ್ಕದಲ್ಲಿ ನರಸಿಂಹರಾಯರು ನಿಂತಿದ್ದರು.

"ಹಸೀನಾ, ಲಾಗಿನ್ ಆಯ್ತಾ?"

"ಈಗಷ್ಟೇ ಆಗ್ಯಾದ ಮೇಡಂ. ಯಾಕ, ಏನಾಯ್ತು?"

ವಂದನಾಗೆ ಖುಷಿಗೆ ನಗು ತಡೆಯಲಾಗಲಿಲ್ಲ. "ಸರ್, ದೊಡ್ಡ ಸರ್ವರ್ ಮುಂಜಾನೆಯಿಂದ ಬಂದ್ ಅದ. ಜಗದೇವಪ್ಪ ಪೂಜಿಗೆ ಆರಿಸ್ಯಾನ."

"ಮತ್ತ ಇದೆಲ್ಲ ಹ್ಯಾಂಗ ನಡ್ಯಾಕತ್ತದ?"

"ಖಾಲಿ ಕುಂತದ ಅಂದ್ರಲ್ಲ, ಅದೇ ನಡಸ್ಲಿಕತ್ತದ ಸರ್."

ಅಷ್ಟರಲ್ಲಿ ಎರಡನೆಯ ಸರ್ವರ್ ಇದ್ದ ಹಿಂದಿನ ಕೋಣೆಯ ಬಾಗಿಲು ಕಿರುಗುಟ್ಟಿತು. ಜಗದೇವಪ್ಪ ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದ. ಒಂದು ಕೈ ಆಗಲೇ ಸ್ವಿಚ್ಚಿನ ಕಡೆ ಚಾಚಿತ್ತು.

ವಂದನಾ ಬಾಯಿ ತೆರೆಯುವ ಮೊದಲೇ ರಾಯರು ಧೋತರದ ಚುಂಗು ಹಿಡಿದುಕೊಂಡು ಓಡಿದರು. ಬಾಗಿಲಿಗೆ ಅಡ್ಡ ಕೈಯಿಟ್ಟು ನಿಂತು ಏದುಸಿರಲ್ಲಿ ಗದರಿದರು:

"ಏ ಜಗದೇವಪ್ಪ, ನಿಂದರು! ಮೊದಲ ಆ ದೊಡ್ಡದನ್ನ ಎಬ್ಬಿಸು. ಅದು ಎದ್ದು ಇದರಿಂದ ಎಲ್ಲಾ ತಿಳ್ಕೊಂಡದ ಅಂತ ವಂದನಾ ಹೇಳೋತನಕ ಇದನ್ನ ಯಾರೂ ಮುಟ್ಟಂಗಿಲ್ಲ!"